ಮೊಟ್ಟೆಯ ನಿದ್ದೆ ಯಾರ ಕೈಯಲ್ಲಿದೆ?

ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಗೂಡು ಇರುತ್ತದೆ. ಬೆಲೆ ಏರಿರಬಹುದು, ಇಳಿದಿರಬಹುದು, ಮಳೆಗಾಲದ ಗೂಡು ಸರಿಯಾಗಿ ಬಿಚ್ಚುತ್ತಿಲ್ಲವೆಂದು ರೀಲರುಗಳು ಗೊಣಗಬಹುದು. ಆದರೆ ಗೂಡೇ ಬಾರದ ಋತು ಎಂಬುದು ಇಲ್ಲಿಲ್ಲ. ನಮಗೆ ಇದು ಸಹಜವಾಗಿ ಕಾಣುತ್ತದೆ. ಕಾಶ್ಮೀರದ ರೇಷ್ಮೆ ಬೆಳೆಗಾರನಿಗೆ ಇದು ಸಹಜವಲ್ಲ. ಅಲ್ಲಿ ವಸಂತದ ಒಂದು ಬೆಳೆಯೇ ಮುಖ್ಯ. ವ್ಯತ್ಯಾಸಕ್ಕೆ ಹವೆ ಮತ್ತು ಹಿಪ್ಪುನೇರಳೆ ಸೊಪ್ಪು ಕಾರಣ ಎನ್ನುವುದು ಅರ್ಧ ಉತ್ತರ ಮಾತ್ರ. ಉಳಿದರ್ಧ ಮೊಟ್ಟೆಯಲ್ಲಿದೆ. ತಂಪು ನಾಡಿನ ರೇಷ್ಮೆ ಪತಂಗ ಇಡುವ ಮೊಟ್ಟೆ ಒಂದೆರಡು ದಿನ ಬೆಳೆದು ಅಲ್ಲಿಗೇ ನಿಂತುಬಿಡುತ್ತದೆ, ಚಳಿಗಾಲ ಕಳೆದ ಮೇಲೆಯೇ ಒಡೆಯುತ್ತದೆ. ನಮ್ಮ ಮೈಸೂರು ತಳಿಯ ಮೊಟ್ಟೆಗೆ ಈ ಸುಪ್ತಾವಸ್ಥೆ ಇಲ್ಲ. ಇಟ್ಟ ಹತ್ತು ಹನ್ನೊಂದು ದಿನಕ್ಕೆ ಮರಿ ಬರುತ್ತದೆ. ಮೊಟ್ಟೆ ಮಲಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ವ್ಯವಸ್ಥೆಯಲ್ಲಿ ಎರಡು ಪಾತ್ರಗಳಿವೆ. ಒಂದು, 24 ಅಮೈನೋ ಆಮ್ಲಗಳ ಒಂದು ನ್ಯೂರೋಪೆಪ್ಟೈಡ್. ಇನ್ನೊಂದು, ಅದನ್ನು ಹಿಡಿದುಕೊಳ್ಳುವ ಗ್ರಾಹಕ. ಔಷಧ ರಸಾಯನಶಾಸ್ತ್ರಜ್ಞರು ಪ್ರಯೋಗಾಲಯಗಳಲ್ಲಿ ತಲೆಕೆಡಿಸಿಕೊಳ್ಳುವುದು ಇಂಥ ಜೋಡಿಗಳ ಬಗ್ಗೆಯೇ. ಈ ಜೋಡಿಯಲ್ಲಿ ನಾವು ಸಾಮಾನ್ಯವಾಗಿ ಪೆಪ್ಟೈಡಿಗೆ ಹೆಚ್ಚು ಮರ್ಯಾದೆ ಕೊಡುತ್ತೇವೆ. ನಿಜಕ್ಕೂ ಅರ್ಥವನ್ನು ನಿರ್ಣಯಿಸುವುದು ಗ್ರಾಹಕ. ರೇಷ್ಮೆಹುಳುವಿನ ಮೇಲೆ ನಡೆದ ಸಂಶೋಧನೆಯೇ ಇದಕ್ಕೆ ಒಳ್ಳೆಯ ಸಾಕ್ಷಿ.

ಮೊದಲು ಪಾತ್ರಗಳ ಪರಿಚಯ ಆಗಲಿ. ಅಮೈನೋ ಆಮ್ಲಗಳು ಸರಣಿಯಾಗಿ ಬೆಸೆದುಕೊಂಡರೆ ಪೆಪ್ಟೈಡ್. ಸರಣಿ ಬಹಳ ಉದ್ದವಾದರೆ ಅದನ್ನೇ ಪ್ರೋಟೀನ್ ಎನ್ನುತ್ತೇವೆ. ನರಕೋಶಗಳು ತಯಾರಿಸಿ ಹೊರಬಿಡುವ ಪೆಪ್ಟೈಡುಗಳು ನ್ಯೂರೋಪೆಪ್ಟೈಡುಗಳು. ಹಸಿವು, ನಿದ್ದೆ, ನೋವು, ಕೂಡುವ ಬಯಕೆ, ಪೊರೆ ಕಳಚುವ ಹೊತ್ತು, ಇಂಥವುಗಳ ಹಿಂದೆಲ್ಲ ಇವು ಇವೆ. ಇವುಗಳ ಗ್ರಾಹಕ ಎಂಬುದು ಜೀವಕೋಶದ ಪೊರೆಯಲ್ಲಿ ನೆಟ್ಟಿರುವ ಒಂದು ಪ್ರೋಟೀನ್. ನ್ಯೂರೋಪೆಪ್ಟೈಡುಗಳ ಗ್ರಾಹಕಗಳಲ್ಲಿ ಹೆಚ್ಚಿನವು ಪೊರೆಯನ್ನು ಏಳು ಸಲ ಒಳಹೊರಗೆ ಹಾಯ್ದಿರುತ್ತವೆ. ಹೊರತುದಿಗೆ ಪೆಪ್ಟೈಡ್ ಬಂದು ಕೂತರೆ ಒಳತುದಿಯ ಆಕಾರ ತುಸು ಬದಲಾಗುತ್ತದೆ, ಅಲ್ಲಿಂದ ಕೋಶದೊಳಗೆ ಸರಣಿ ಕ್ರಿಯೆ ಶುರುವಾಗುತ್ತದೆ. ಈ ಕುಟುಂಬದ ಗ್ರಾಹಕಗಳ ಕೆಲಸವನ್ನು ಬಿಡಿಸಿ ತೋರಿಸಿದ್ದಕ್ಕೆ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಬ್ರಯಾನ್ ಕೋಬಿಲ್ಕ ಅವರಿಗೆ 2012ರ ರಸಾಯನಶಾಸ್ತ್ರದ ನೊಬೆಲ್ ಬಂತು. ಇಂದು ಬಳಕೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರನೇ ಒಂದು ಭಾಗ ಈ ಕುಟುಂಬದ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತವೆ. ಪಠ್ಯಪುಸ್ತಕಗಳು ಇದನ್ನು ಬೀಗ ಮತ್ತು ಕೀಲಿಕೈ ಎಂದು ವಿವರಿಸುತ್ತವೆ. ಹೋಲಿಕೆ ತಪ್ಪಲ್ಲ, ಆದರೆ ಅದರಲ್ಲೊಂದು ಮೋಸವಿದೆ: ಕೀಲಿಕೈ ಕೈಯಲ್ಲಿರುವವನೇ ಯಜಮಾನ ಎಂಬ ಭಾವನೆ ಹುಟ್ಟಿಸುತ್ತದೆ. ಒಂದೇ ಕೀಲಿಕೈ ಒಂದು ಮನೆಯ ಬಾಗಿಲು ತೆರೆದು ಇನ್ನೊಂದು ಮನೆಯ ಬಾಗಿಲು ಮುಚ್ಚಬಲ್ಲದು ಎಂದು ಯಾರೂ ಊಹಿಸುವುದಿಲ್ಲ. ಪೆಪ್ಟೈಡುಗಳ ಲೋಕದಲ್ಲಿ ಅದೇ ನಡೆಯುತ್ತದೆ.

ಸುಪ್ತಾವಸ್ಥೆಯ ಹಾರ್ಮೋನಿನ ಕಥೆ ಜಪಾನಿನಲ್ಲಿ ಶುರುವಾಗುತ್ತದೆ. 1951ರಲ್ಲಿ ಫುಕುದ ಮತ್ತು ಹಸೆಗಾವ ಎಂಬ ಇಬ್ಬರು ವಿಜ್ಞಾನಿಗಳು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಮೊಟ್ಟೆಯನ್ನು ಮಲಗಿಸುವ ವಸ್ತು ತಾಯಿಯ ಅನ್ನನಾಳದ ಕೆಳಗಿರುವ ಪುಟ್ಟ ನರಗಂಟಿನಿಂದ ಬರುತ್ತದೆಂದು ತೋರಿಸಿದರು. 1957ರಲ್ಲಿ ಹಸೆಗಾವ ಅದರ ಸಾರವನ್ನು ಬೇರ್ಪಡಿಸಿದರು. ಸಾರ ಕೈಗೆ ಬಂದರೂ ಅಣುವಿನ ರಚನೆ ಗೊತ್ತಾಗಲು 1991ರವರೆಗೆ ಕಾಯಬೇಕಾಯಿತು, ಏಕೆಂದರೆ ಒಂದು ಹುಳುವಿನಲ್ಲಿ ಇರುವ ಪ್ರಮಾಣ ಅಷ್ಟು ಕಡಿಮೆ. ಆಗ ಸಿಕ್ಕಿದ್ದು 24 ಅಮೈನೋ ಆಮ್ಲಗಳ ಸರಣಿ. ಎಚ್ಚರದ ಮೊಟ್ಟೆ ಇಡಬೇಕಾಗಿದ್ದ ಹೆಣ್ಣು ಕೋಶಕ್ಕೆ (ಪ್ಯೂಪಾಗೆ) ಸರಿಯಾದ ಹೊತ್ತಿನಲ್ಲಿ ಇದನ್ನು ಚುಚ್ಚಿದರೆ, ಅದರಿಂದ ಹೊರಬಂದ ಪತಂಗ ಮಲಗುವ ಮೊಟ್ಟೆ ಇಡುತ್ತದೆ. ಇಲ್ಲಿ ಗಮನಿಸಬೇಕಾದದ್ದು, ಹಾರ್ಮೋನು ಕೆಲಸ ಮಾಡುವುದು ಮೊಟ್ಟೆ ಹೊರಬಂದ ಮೇಲಲ್ಲ, ತಾಯಿಯ ಅಂಡಾಶಯದಲ್ಲಿ ಅದು ಬೆಳೆಯುತ್ತಿರುವಾಗ. ಅಂದರೆ ನಿರ್ಣಯ ಪೂರ್ತಿ ತಾಯಿಯದು. ತಂದೆ ಆಗಿನ್ನೂ ಚಿತ್ರದಲ್ಲೇ ಇಲ್ಲ. ಈ ಸಣ್ಣ ಸಂಗತಿಯ ಮೇಲೆ ನಮ್ಮ ಭಾಗದ ಇಡೀ ಸಿಬಿ (ಮಿಶ್ರತಳಿ) ಗೂಡಿನ ವ್ಯವಹಾರ ನಿಂತಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಹಳದಿ ಗೂಡಿನ ತಾಯಿ ಮೈಸೂರು ತಳಿ, ತಂದೆ ಸಿಎಸ್‌ಆರ್2ನಂಥ ದ್ವಿತಳಿ. ಮೈಸೂರು ತಳಿಯ ಗೂಡಿನಿಂದ ಬರುವ ನೂಲು ನಾನೂರು ಮೀಟರಿನ ಆಸುಪಾಸು. ಒಳ್ಳೆಯ ದ್ವಿತಳಿಯ ಬಿಳಿ ಗೂಡಿನಿಂದ ಸಾವಿರ ಮೀಟರಿಗೂ ಹೆಚ್ಚು. ಹೀಗಾಗಿ ತಂದೆಯಿಂದ ನೂಲಿನ ಗುಣ, ತಾಯಿಯಿಂದ ಬಿಸಿಲು ತಡೆಯುವ ಗಟ್ಟಿತನ ಎಂದು ಲೆಕ್ಕ ಹಾಕುತ್ತಾರೆ. ಅದೇ ಜೋಡಿಯನ್ನು ತಿರುಗಿಸಿ ದ್ವಿತಳಿಯನ್ನು ತಾಯಿ ಮಾಡಿದರೆ ಮೊಟ್ಟೆ ಮಲಗಿಬಿಡುತ್ತದೆ. ಬಿತ್ತನೆ ಕೋಠಿಯವರು ಯಾವುದು ಹೆಣ್ಣು, ಯಾವುದು ಗಂಡು ಎಂದು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ, ಕುಣಿಗಲ್ ಮಾಗಡಿ ಕಡೆಯ ಬಿತ್ತನೆ ವಲಯಗಳಲ್ಲಿ ಮೈಸೂರು ತಳಿಯನ್ನು ಇಂದಿಗೂ ಶುದ್ಧವಾಗಿ ಉಳಿಸಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ದ್ವಿತಳಿಯ ವಿಚಾರ ಇನ್ನೂ ಸೋಜಿಗದ್ದು. ಅದರ ಮೊಟ್ಟೆ ಯಾವಾಗಲೂ ಮಲಗಲೇಬೇಕೆಂದಿಲ್ಲ. ತಾಯಿಯಾಗುವ ಹುಳು ತಾನೇ ಮೊಟ್ಟೆಯೊಳಗಿದ್ದಾಗ 25 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಬೆಳಕು ಸಿಕ್ಕಿದ್ದರೆ, ದೊಡ್ಡವಳಾದ ಮೇಲೆ ಮಲಗುವ ಮೊಟ್ಟೆ ಇಡುತ್ತಾಳೆ. 15 ಡಿಗ್ರಿ ಮತ್ತು ಕತ್ತಲೆಯಲ್ಲಿ ಕಾವು ಪಡೆದಿದ್ದರೆ ಎಚ್ಚರದ ಮೊಟ್ಟೆ ಇಡುತ್ತಾಳೆ. ಮೊಟ್ಟೆಯಲ್ಲಿದ್ದಾಗಿನ ಶಾಖದ ನೆನಪು ಹುಳುವಿನ ನಾಲ್ಕು ಜ್ವರಗಳನ್ನೂ (ಪೊರೆ ಬಿಡುವ ಹಂತಗಳನ್ನೂ) ಗೂಡಿನ ನಿದ್ದೆಯನ್ನೂ ದಾಟಿ ಮುಂದಿನ ತಲೆಮಾರಿಗೆ ತಲುಪುತ್ತದೆ. ಭ್ರೂಣದಲ್ಲಿ ಶಾಖವನ್ನು ಗ್ರಹಿಸುವುದು ಟಿಆರ್‌ಪಿಎ1 ಎಂಬ ಪ್ರೋಟೀನ್ ಎಂದು ಜಪಾನಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಆ ಗ್ರಹಿಕೆಯ ಫಲವಾಗಿ, ಕೋಶದ ಹಂತದಲ್ಲಿ ಹಾರ್ಮೋನು ರಕ್ತಕ್ಕೆ ಬಿಡುಗಡೆಯಾಗುತ್ತದೆ. ಅಂಡಾಶಯದ ಗ್ರಾಹಕ ಅದನ್ನು ಹಿಡಿಯುತ್ತದೆ. ಅಲ್ಲಿ ಟ್ರೆಹಲೇಸ್ ಎಂಬ ಕಿಣ್ವದ ಕೆಲಸ ಚುರುಕಾಗುತ್ತದೆ. ಹುಳುವಿನ ರಕ್ತದ ಸಕ್ಕರೆಯಾದ ಟ್ರೆಹಲೋಸ್ ಮೊಟ್ಟೆಗಳಿಗೆ ಹರಿದು ಗ್ಲೈಕೋಜನ್ನಾಗಿ ಶೇಖರಗೊಳ್ಳುತ್ತದೆ. ಮೊಟ್ಟೆ ಮಲಗಿದಾಗ ಈ ಗ್ಲೈಕೋಜನ್ ಸಾರ್ಬಿಟಾಲ್ ಮತ್ತು ಗ್ಲಿಸರಾಲ್ ಆಗಿ ಮಾರ್ಪಟ್ಟು ಚಳಿಯಿಂದ ಕಾಪಾಡುತ್ತದೆ. ಹೊರಗಣ್ಣಿಗೆ ಕಾಣುವ ಗುರುತೂ ಉಂಟು: ಮಲಗುವ ಮೊಟ್ಟೆ ಕೆಲವೇ ದಿನಗಳಲ್ಲಿ ಹಳದಿಯಿಂದ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಎಚ್ಚರದ ಮೊಟ್ಟೆ ಮರಿ ಬರುವ ಹೊತ್ತಿನವರೆಗೂ ತಿಳಿಯಾಗಿಯೇ ಇರುತ್ತದೆ.

ಇಷ್ಟು ಕೇಳಿದವರಿಗೆ ಈ ಪೆಪ್ಟೈಡ್ ನಿದ್ದೆಯ ಅಣು, ಅದರ ಮೈಯಲ್ಲೇ ನಿದ್ದೆ ಬರೆದಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಹಾಗೆ ಅಂದುಕೊಂಡವರಿಗೆ ಚಿಂತಾಮಣಿ ಕಡೆಯ ಟೊಮೆಟೊ ಬೆಳೆಗಾರರ ಶತ್ರು ಒಂದು ಪಾಠ ಹೇಳುತ್ತದೆ. ಕಾಯಿಕೊರಕ ಹುಳುವಿನ ಬಳಗದ ಪತಂಗಗಳಲ್ಲೂ ಹೆಚ್ಚು ಕಡಿಮೆ ಇದೇ ಹಾರ್ಮೋನು ಇದೆ. ಈ ಬಳಗದಲ್ಲಿ, ತಂಪು ದೇಶಗಳಲ್ಲಿ, ಮಲಗುವುದು ಮೊಟ್ಟೆಯಲ್ಲ, ಮಣ್ಣಿನೊಳಗಿನ ಕೋಶ. ಆ ಮಲಗಿದ ಕೋಶಕ್ಕೆ ಈ ಹಾರ್ಮೋನನ್ನು ಚುಚ್ಚಿದರೆ ಅದು ಇನ್ನಷ್ಟು ಗಾಢವಾಗಿ ಮಲಗುವುದಿಲ್ಲ, ಎದ್ದು ಕೂರುತ್ತದೆ! ರೇಷ್ಮೆ ಹುಳುವಿನಲ್ಲಿ ಮಲಗಿಸುವ ಅಣು ಅದರ ದೂರದ ನೆಂಟನಲ್ಲಿ ಎಬ್ಬಿಸುತ್ತದೆ. ಸಂದೇಶ ಬಹುತೇಕ ಅದೇ. ಅದನ್ನು ಕೇಳಿಸಿಕೊಂಡ ಅಂಗ ಬೇರೆ, ಗ್ರಾಹಕ ಕೂತ ಜೀವಕೋಶ ಬೇರೆ, ಕೇಳಿಸಿಕೊಂಡ ಹೊತ್ತು ಬೇರೆ. ರೇಷ್ಮೆ ಹುಳುವಿನ ಒಳಗೇ ಮತ್ತೊಂದು ನಿದರ್ಶನವಿದೆ. 1993ರಲ್ಲಿ ಈ ಹಾರ್ಮೋನಿನ ವಂಶವಾಹಿಯನ್ನು ಓದಿದಾಗ, ಒಂದೇ ವಂಶವಾಹಿಯಿಂದ ಐದು ಪೆಪ್ಟೈಡುಗಳು ಕತ್ತರಿಸಿ ಬರುತ್ತವೆಂದು ತಿಳಿಯಿತು. ಅದರಲ್ಲೊಂದು 33 ಅಮೈನೋ ಆಮ್ಲಗಳ ಪಿಬಿಎಎನ್. ಇದರ ಗ್ರಾಹಕ ಇರುವುದು ಹೆಣ್ಣು ಪತಂಗದ ಬಾಲತುದಿಯ ಗ್ರಂಥಿಯಲ್ಲಿ. ಅಲ್ಲಿ ಇದು ಗಂಡನ್ನು ಕರೆಯುವ ವಾಸನೆಯಾದ ಬೊಂಬಿಕಾಲ್ ತಯಾರಿಸಲು ಪ್ರೇರಣೆ ಕೊಡುತ್ತದೆ. (ಆ ಬೊಂಬಿಕಾಲನ್ನು ಗುರುತಿಸಲು ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಪತಂಗಗಳನ್ನು ಬಳಸಿ, ಇಪ್ಪತ್ತು ವರ್ಷ ದುಡಿದು, 1959ರಲ್ಲಿ ಗೆದ್ದರು.) ಮೊಟ್ಟೆಯನ್ನು ಮಲಗಿಸುವ ಪೆಪ್ಟೈಡಿಗೂ ಗಂಡನ್ನು ಕರೆಸುವ ಪೆಪ್ಟೈಡಿಗೂ ಕೊನೆಯ ಐದು ಅಮೈನೋ ಆಮ್ಲಗಳ ತುದಿ ಒಂದೇ ಮಾದರಿಯದು, ಕೆಲಸ ಮಾಡುವ ಭಾಗವೂ ಆ ತುದಿಯೇ.

ಇನ್ನೂ ಒಂದು ಪ್ರಸಂಗ ಹೇಳದೆ ಮುಂದೆ ಹೋಗುವಂತಿಲ್ಲ, ಏಕೆಂದರೆ ಅದರಲ್ಲಿ ದೊಡ್ಡ ವಿಜ್ಞಾನಿಗಳೂ ದಾರಿ ತಪ್ಪಿದ್ದರು. ಹುಳುವನ್ನು ಜ್ವರಕ್ಕೆ ಕೂರಿಸುವ, ಅಂದರೆ ಪೊರೆ ಬಿಡಿಸುವ, ಆಜ್ಞೆ ಮಿದುಳಿನಿಂದ ಬರುತ್ತದೆ. ಆ ಮಿದುಳು ಹಾರ್ಮೋನು ಎದೆಯ ಮುಂಭಾಗದ ಗ್ರಂಥಿಗೆ ತಲುಪಿ, ಗ್ರಂಥಿ ಪೊರೆ ಬಿಡಿಸುವ ಎಕ್‌ಡೈಸೋನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಜಪಾನಿನ ಇಶಿಜಾಕಿ ಮತ್ತು ಸುಜುಕಿ ಅವರ ತಂಡ ಲಕ್ಷಾಂತರ ರೇಷ್ಮೆ ಪತಂಗಗಳ ತಲೆಗಳಿಂದ ಈ ಹಾರ್ಮೋನನ್ನು ಹುಡುಕಿತು. ಪರೀಕ್ಷೆಗೆ ಆರಿಸಿಕೊಂಡದ್ದು ಎರಿ ರೇಷ್ಮೆಯ ಮಿದುಳು ತೆಗೆದ ಕೋಶಗಳನ್ನು. ಸಾರ ಚುಚ್ಚಿದಾಗ ಅವು ಬೆಳೆದರೆ ಹಾರ್ಮೋನು ಇದೆ ಎಂದರ್ಥ. 1984ರಲ್ಲಿ ಸಿಕ್ಕ ಪೆಪ್ಟೈಡ್ ಜಗತ್ತನ್ನೇ ಬೆರಗುಗೊಳಿಸಿತು, ಅದು ಮನುಷ್ಯರ ಇನ್ಸುಲಿನ್ನನ್ನು ಹೋಲುತ್ತಿತ್ತು. ಆದರೆ ಅದನ್ನು ಅದರ ಸ್ವಂತ ರೇಷ್ಮೆ ಹುಳುವಿಗೆ ಚುಚ್ಚಿದಾಗ ಎದೆಯ ಗ್ರಂಥಿ ಜಗ್ಗಲಿಲ್ಲ. ರೇಷ್ಮೆ ಹುಳುವಿನ ಮಿದುಳಿನ ವಸ್ತು ಎರಿ ಹುಳುವಿನ ಗ್ರಂಥಿಯನ್ನು ಎಬ್ಬಿಸುತ್ತಿತ್ತು, ತನ್ನದೇ ಗ್ರಂಥಿಯನ್ನಲ್ಲ. ಕೊನೆಗೆ ಅದಕ್ಕೆ ಬೊಂಬಿಕ್ಸಿನ್ ಎಂದು ಬೇರೆ ಹೆಸರಿಟ್ಟರು. ಬೆನ್ನೆಲುಬಿಲ್ಲದ ಜೀವಿಗಳಲ್ಲಿ ಸಿಕ್ಕ ಮೊದಲ ಇನ್ಸುಲಿನ್ ಬಂಧು ಅದು. ನಿಜವಾದ ಮಿದುಳು ಹಾರ್ಮೋನಿನ ರಚನೆ 1990ರಲ್ಲಿ ತಿಳಿಯಿತು. ಬರೀ ಪೆಪ್ಟೈಡಿನ ಹಿಂದೆ ಹೋಗಿ, ಕೇಳುವ ಗ್ರಾಹಕ ಯಾರದ್ದೆಂದು ಮರೆತರೆ ಏನಾಗುತ್ತದೆ ಎನ್ನಲು ಇದಕ್ಕಿಂತ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರ ತಂಡ 2013ರಲ್ಲಿ ಹಣ್ಣಿನ ನೊಣದ ಮೇಲೆ ಮಾಡಿದ ಕೆಲಸವೂ ಇದೇ ದಿಕ್ಕಿನದು. ದೇಹದ ಹಗಲು ರಾತ್ರಿಯ ಗಡಿಯಾರಕ್ಕೆ ಸಂಬಂಧಿಸಿದ್ದೆಂದು ಪ್ರಸಿದ್ಧವಾಗಿದ್ದ ಒಂದು ನ್ಯೂರೋಪೆಪ್ಟೈಡಿನ ಗ್ರಾಹಕಕ್ಕೆ ನೊಣದ ಹಾರಾಟದಲ್ಲೂ ಪಾತ್ರವಿದೆ ಎಂದು ಅವರು ಕಂಡರು.

ಇಲ್ಲೊಂದು ಆಕ್ಷೇಪ ಬರಬೇಕಾದದ್ದೇ. ಎಲ್ಲವೂ ಗ್ರಾಹಕದ ಕೈಯಲ್ಲಿದ್ದರೆ ಪೆಪ್ಟೈಡ್ ಯಾಕೆ ಬೇಕು? ಅರ್ಥ ಕೇಳುವವನದೇ ಆದರೆ ಹೇಳುವವನಿಗೆ ಏನು ಕೆಲಸ? 2015ರ ಒಂದು ಪ್ರಯೋಗ ಇದಕ್ಕೆ ನೇರವಾದ ಉತ್ತರ ಕೊಡುತ್ತದೆ. ಜಪಾನಿನ ಸಂಶೋಧಕರು ದ್ವಿತಳಿ ರೇಷ್ಮೆಹುಳುವಿನ ಒಂದು ಸಾಲಿನಲ್ಲಿ ಹಾರ್ಮೋನಿನ ವಂಶವಾಹಿಯನ್ನು ಕೆಡಿಸಿದರು, ಇನ್ನೊಂದು ಸಾಲಿನಲ್ಲಿ ಗ್ರಾಹಕದ ವಂಶವಾಹಿಯನ್ನು ಕೆಡಿಸಿದರು. ಎರಡೂ ಸಾಲಿನ ಹುಳುಗಳು ಚೆನ್ನಾಗಿಯೇ ಬೆಳೆದವು, ಹೊತ್ತಿಗೆ ಸರಿಯಾಗಿ ಪೊರೆ ಬಿಟ್ಟವು. ಆದರೆ ಮಲಗುವ ಮೊಟ್ಟೆ ಬರಲೇಬೇಕಾದ ಶಾಖ ಬೆಳಕು ಕೊಟ್ಟರೂ ಎರಡರ ಪತಂಗಗಳೂ ಎಚ್ಚರದ ಮೊಟ್ಟೆಯನ್ನೇ ಇಟ್ಟವು. ಎರಡರಲ್ಲಿ ಯಾವುದಿಲ್ಲದಿದ್ದರೂ ನಿದ್ದೆ ಇಲ್ಲ. ಹಾಗಾಗಿ ಪೆಪ್ಟೈಡ್ ದಂಡಪಿಂಡವೆಂದು ಯಾರೂ ಹೇಳುತ್ತಿಲ್ಲ. ಯಾವಾಗ, ಎಷ್ಟು ಎಂಬುದು ಪೆಪ್ಟೈಡಿನ ಪಾಲು. ಏನಾಗಬೇಕು ಎಂಬುದು ಗ್ರಾಹಕದ ಪಾಲು. ಔಷಧ ಮಾಡಹೊರಟವನಿಗೆ ಎರಡನೆಯದೇ ಹೆಚ್ಚು ಮುಖ್ಯ. ಯಾಕೆಂದರೆ ಯಾವಾಗ, ಎಷ್ಟು ಎಂಬುದನ್ನು ವೈದ್ಯರ ಚೀಟಿಯಲ್ಲಿ ಬರೆದುಬಿಡಬಹುದು. ಏನಾಗಬೇಕೆಂಬುದನ್ನು ಬರೆಯಲು ಬರುವುದಿಲ್ಲ.

ಇನ್ನು ರಸಾಯನಶಾಸ್ತ್ರಜ್ಞನ ಕೆಲಸಕ್ಕೆ ಬರೋಣ. ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಲಿ ಎಂದು ನಮ್ಮ ರೈತರು ಸೊಪ್ಪಿನ ಮೇಲೆ ‘ಸಂಪೂರ್ಣ’ ಸಿಂಪಡಿಸುವುದು ಹಲವರಿಗೆ ಗೊತ್ತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ರೂಪಿಸಿದ ಈ ದ್ರವದಲ್ಲಿರುವುದು ಗಿಡದಿಂದ ತೆಗೆದ, ಎಕ್‌ಡೈಸೋನಿನ ಬಳಗದ ವಸ್ತು. ಎಕ್‌ಡೈಸೋನ್ ಸ್ಟೆರಾಯ್ಡ್ ಜಾತಿಯದು. ಹೊಟ್ಟೆಗೆ ಹೋದರೂ ಹಾಳಾಗದೆ ಜೀವಕೋಶದ ಪೊರೆ ದಾಟಿ ಒಳಗಿನ ಗ್ರಾಹಕವನ್ನು ಸೇರುತ್ತದೆ. (ಇದನ್ನು ಮೊದಲು ಶುದ್ಧವಾಗಿ ತೆಗೆದವರೂ ಬುಟೆನಾಂಟ್ ಮತ್ತು ಪೀಟರ್ ಕಾರ್ಲ್ಸನ್: 1954ರಲ್ಲಿ, 500 ಕಿಲೋ ರೇಷ್ಮೆ ಕೋಶಗಳಿಂದ 25 ಮಿಲಿಗ್ರಾಂ. ಫಿಲೇಚರುಗಳ ಹಿಂದೆ ರಾಶಿ ಬಿದ್ದು ಊರಿಗೆಲ್ಲ ನಾರುವ ಕೋಶಕ್ಕೆ ಒಂದು ಕಾಲದಲ್ಲಿ ಇಂಥ ಘನತೆ ಇತ್ತು.) ಎಕ್‌ಡೈಸೋನಿಗೆ ಆಜ್ಞೆ ಕೊಡುವ ಮಿದುಳಿನ ಪೆಪ್ಟೈಡನ್ನೇ ಸೊಪ್ಪಿನ ಮೇಲೆ ಸಿಂಪಡಿಸಿದರೆ? ಏನೂ ಆಗದು. ಹುಳುವಿನ ಕರುಳಿಗೆ ಅದು ಇನ್ನೊಂದು ತುತ್ತು ಪ್ರೋಟೀನ್, ಜೀರ್ಣವಾಗಿ ಹೋಗುತ್ತದೆ. ಪೆಪ್ಟೈಡುಗಳ ದೊಡ್ಡ ದೌರ್ಬಲ್ಯ ಇದೇ. ಕಿಣ್ವಗಳು ನಿಮಿಷಗಳಲ್ಲಿ ಕತ್ತರಿಸಿಹಾಕುತ್ತವೆ, ಪೊರೆ ದಾಟಲು ಬಾರದು, ಕೀಟದ ಮೇಣದ ಹೊದಿಕೆಯನ್ನಂತೂ ದಾಟವು. ಆದ್ದರಿಂದ ರಸಾಯನಶಾಸ್ತ್ರಜ್ಞ ಗ್ರಾಹಕದ ಕಡೆಯಿಂದ ಲೆಕ್ಕ ಶುರು ಮಾಡುತ್ತಾನೆ. ಪೆಪ್ಟೈಡಿನ ಒಂದೊಂದೇ ಅಮೈನೋ ಆಮ್ಲವನ್ನು ಬದಲಿಸಿ, ಗ್ರಾಹಕ ಯಾವುದನ್ನು ಕ್ಷಮಿಸುತ್ತದೆ, ಯಾವುದನ್ನು ಕ್ಷಮಿಸುವುದಿಲ್ಲ ಎಂದು ನೋಡುತ್ತಾನೆ. ನಮ್ಮ ಸುಪ್ತಾವಸ್ಥೆಯ ಹಾರ್ಮೋನಿನ ಬಳಗದಲ್ಲಿ ಕೊನೆಯ ಐದು ಬಿಟ್ಟರೆ ಉಳಿದದ್ದರಲ್ಲಿ ಬಹಳಷ್ಟನ್ನು ಗ್ರಾಹಕ ಕ್ಷಮಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ರೊನಾಲ್ಡ್ ನಾಚ್‌ಮನ್ ಆ ತುದಿಯನ್ನು ಉಂಗುರದಂತೆ ಬಾಗಿಸಿ ಕಟ್ಟಿದರೂ ಅದು ಕೆಲಸ ಮಾಡಿತು. ಅಂದರೆ ಗ್ರಾಹಕಕ್ಕೆ ಬೇಕಾಗಿದ್ದು ಸರಣಿಯ ಉದ್ದವಲ್ಲ, ತುದಿಯಲ್ಲೊಂದು ನಿರ್ದಿಷ್ಟ ಬಾಗು.

ಪೆಪ್ಟೈಡನ್ನು ಹೀಗೆ ಬೇಕಾದ ಬಾಗಿಗೆ ಒಗ್ಗಿಸುವ ವಿದ್ಯೆಯಲ್ಲಿ ಬೆಂಗಳೂರಿಗೆ ದೊಡ್ಡ ಹೆಸರಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ವಿಭಾಗದಲ್ಲಿ ಪದ್ಮನಾಭನ್ ಬಲರಾಂ ದಶಕಗಳ ಕಾಲ ಅಧ್ಯಯನ ಮಾಡಿದ್ದು ಎಐಬಿ ಎಂಬ ವಿಚಿತ್ರ ಅಮೈನೋ ಆಮ್ಲವನ್ನು. ಇದರ ನಡುವಿನ ಇಂಗಾಲಕ್ಕೆ ಒಂದರ ಬದಲು ಎರಡು ಮೀಥೈಲ್ ಗುಂಪು ಅಂಟಿಕೊಂಡಿರುತ್ತವೆ. ಆ ಇಕ್ಕಟ್ಟಿನಿಂದ ಸರಣಿಗೆ ಮನಬಂದಂತೆ ತಿರುಗಲು ಆಗದು, ಸುರುಳಿಯಾಗಿಯೇ ನಿಲ್ಲುತ್ತದೆ. ಕಿಣ್ವಗಳಿಗೂ ಇದನ್ನು ಕತ್ತರಿಸುವುದು ಕಷ್ಟ. ಇಂದು ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಚುಚ್ಚುಮದ್ದು ಸೆಮಾಗ್ಲುಟೈಡಿನ ಸರಣಿಯಲ್ಲೂ ಒಂದು ಎಐಬಿ ಇದೆ. ಕರುಳು ಮತ್ತು ಮಿದುಳು ಎರಡೂ ತಯಾರಿಸುವ ಜಿಎಲ್‌ಪಿ-1 ಎಂಬ ಪೆಪ್ಟೈಡಿನ ಮಾರ್ಪಾಟು ಅದು. ಮೂಲ ಪೆಪ್ಟೈಡ್ ರಕ್ತದಲ್ಲಿ ಒಂದೆರಡು ನಿಮಿಷ ಬಾಳಿದರೆ ಹೆಚ್ಚು. ಎಐಬಿಯ ಕಾವಲು ಮತ್ತು ಉದ್ದನೆಯ ಕೊಬ್ಬಿನ ಬಾಲ ಸೇರಿ ಅದೇ ಅಣು ವಾರಕ್ಕೊಮ್ಮೆ ಚುಚ್ಚಿದರೆ ಸಾಕೆಂಬಷ್ಟು ಬಾಳಿಕೆ ಪಡೆಯಿತು. ಪೆಪ್ಟೈಡಿನ ರೂಪ ಇಷ್ಟು ಬದಲಾದರೂ ಗ್ರಾಹಕ ಮಾತ್ರ ಅದೇ.

ಕೀಟಗಳ ವಿಷಯದಲ್ಲಿ ಈ ವಿದ್ಯೆಯ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ನಾಚ್‌ಮನ್ ಮತ್ತು ಓಹಾಯೋದ ಡೇವಿಡ್ ಡೆನ್ಲಿಂಗರ್ ಅವರ ತಂಡ ಸುಪ್ತಾವಸ್ಥೆಯ ಹಾರ್ಮೋನಿನ ನಕಲು ಅಣುಗಳನ್ನು ತಯಾರಿಸಿತು. ಕಾಯಿಕೊರಕದ ಅಮೆರಿಕನ್ ಸೋದರನ ಮೇಲೆ ಅವನ್ನು ಪರೀಕ್ಷಿಸಿದಾಗ, ಕೆಲವು ಮಲಗಿದ ಕೋಶವನ್ನು ಎಬ್ಬಿಸಿದವು, ಅವುಗಳಲ್ಲೊಂದು ಮಲಗಲೇ ಬಿಡಲಿಲ್ಲ, ಇನ್ನೊಂದು ಏಳುವುದನ್ನು ತಡೆಯಿತು. ಚಳಿಗಾಲದ ನಡುವೆ ಎಚ್ಚರಗೊಂಡ ಕೀಟಕ್ಕೆ ತಿನ್ನಲು ಬೆಳೆ ಇರುವುದಿಲ್ಲ. ವಿಷ ಹಾಕದೆ ಅದನ್ನು ಮುಗಿಸಬಹುದೆಂಬುದು ಆಲೋಚನೆ. ನಮ್ಮ ಬಯಲುಸೀಮೆಯ ಬೆಚ್ಚಗಿನ ಹವೆಗೆ ಈ ಉಪಾಯ ನೇರವಾಗಿ ಒದಗುವುದಿಲ್ಲ, ಇಲ್ಲಿ ವರ್ಷವಿಡೀ ಟೊಮೆಟೊ ಅವರೆ ತೊಗರಿ ಎಂದು ಅದಕ್ಕೆ ಏನಾದರೂ ಸಿಗುತ್ತದೆ. ಆದರೆ ಇದೇ ಬಳಗದ ಗ್ರಾಹಕಗಳ ಮೇಲೆ ಕೆಲಸ ಮಾಡುವ ಬೇರೆ ಅಣುಗಳು ಮುಂದೆ ಕೀಟನಾಶಕಗಳಾಗಿ ಬಂದರೆ ಅಚ್ಚರಿಪಡಬೇಕಿಲ್ಲ. ಆಗ ಒಂದು ವಾದ ಕೇಳಿಬರುತ್ತದೆ: ಇವು ನಿಸರ್ಗದ್ದೇ ಹಾರ್ಮೋನಿನ ನಕಲು, ಮನುಷ್ಯರಿಗೆ ಹಾನಿಯಿಲ್ಲ, ಆದ್ದರಿಂದ ನಿಶ್ಚಿಂತೆ. ಮನುಷ್ಯರ ಮಟ್ಟಿಗೆ ವಾದ ಸರಿಯಿರಬಹುದು. ರೇಷ್ಮೆ ಹುಳುವಿನ ಮಟ್ಟಿಗೆ ಅದು ಅಪಾಯದ ಮಾತು. ಕಾಯಿಕೊರಕವೂ ರೇಷ್ಮೆ ಹುಳುವೂ ಪತಂಗಗಳ ಒಂದೇ ಗಣದವು, ಗ್ರಾಹಕಗಳೂ ಹತ್ತಿರದ ನೆಂಟರು. ಶಿಡ್ಲಘಟ್ಟ ಚಿಂತಾಮಣಿ ತಾಲ್ಲೂಕುಗಳಲ್ಲಿ ಟೊಮೆಟೊ ತೋಟದ ಬದುವಿನಾಚೆ ಹಿಪ್ಪುನೇರಳೆ ಇರುವುದು ಮಾಮೂಲು. ಪಕ್ಕದವರು ಹೊಡೆದ ಔಷಧಿ ಗಾಳಿಗೆ ತೂರಿಬಂದು ಹುಳು ಸತ್ತರೆ ಆಗುವ ಜಗಳಗಳೂ ಮಾಮೂಲು. ಸಾಯಿಸುವ ವಿಷವಾದರೆ ಮಾರನೆಯ ದಿನವೇ ಗೊತ್ತಾಗುತ್ತದೆ. ಹಾರ್ಮೋನಿನ ನಕಲು ಹಾಗಲ್ಲ. 1980ರ ದಶಕದ ಕೊನೆಯಿಂದ ಇಟಲಿಯ ರೇಷ್ಮೆ ಸೀಮೆಯಲ್ಲಿ ಹುಳುಗಳು ಚೆನ್ನಾಗಿ ಸೊಪ್ಪು ತಿಂದು ದಪ್ಪಗಾಗಿ, ಚಂದ್ರಿಕೆಗೆ ಬಿಡುವ ಹೊತ್ತು ಮೀರಿದರೂ ಗೂಡು ಕಟ್ಟದೆ ಉಳಿದುಬಿಟ್ಟವು. ಕಾರಣ, ಹಣ್ಣಿನ ತೋಟಗಳಿಗೆ ಹೊಡೆದಿದ್ದ ಫೆನಾಕ್ಸಿಕಾರ್ಬ್ ಎಂಬ, ಕೀಟಗಳ ಬಾಲ್ಯಹಾರ್ಮೋನಿನ ನಕಲು. ಸೊಪ್ಪಿನ ಮೇಲೆ ಅದು ತೀರಾ ಸೂಕ್ಷ್ಮ ಪ್ರಮಾಣದಲ್ಲಿದ್ದರೂ ಸಾಕಾಗಿತ್ತು. ಅದು ಪೆಪ್ಟೈಡಲ್ಲ ನಿಜ. ಆದರೆ ಗ್ರಾಹಕವನ್ನು ಮರೆತ ನಿಸರ್ಗಪ್ರೇಮ ರೈತನಿಗೆ ಎಷ್ಟು ದುಬಾರಿ ಎಂಬುದಕ್ಕೆ ಸಾಕ್ಷಿ.

ಕೀಟದ ಮಾತು ಮನುಷ್ಯರಿಗೆ ಎಷ್ಟು ಅನ್ವಯ ಎಂಬ ಪ್ರಶ್ನೆ ಉಳಿಯಿತು. ಹಂದಿಯ ಬೆನ್ನುಹುರಿಯಲ್ಲಿ 1985ರಲ್ಲಿ ಸಿಕ್ಕ ನ್ಯೂರೋಮೆಡಿನ್ ಯು ಎಂಬ ಪೆಪ್ಟೈಡ್ ನಮ್ಮಲ್ಲೂ ಇದೆ. ಅದು ಇಲ್ಲದ ಇಲಿಗಳು ತಿಂದು ತಿಂದು ಬೊಜ್ಜಾಗುತ್ತವೆ. ಅದರ ಗ್ರಾಹಕ, ಪತಂಗದ ಪಿಬಿಎಎನ್ ಮತ್ತು ಸುಪ್ತಾವಸ್ಥೆಯ ಹಾರ್ಮೋನುಗಳ ಗ್ರಾಹಕಗಳಿಗೆ ದೂರದ ದಾಯಾದಿ. ಹಾಗೆಂದು ಹುಳುವಿನಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯನಿಗೆ ಹಚ್ಚುವುದು ತಪ್ಪು. ಹುಳು ಹಾಗಿರಲಿ, ಇಲಿಯಲ್ಲಿ ಕಂಡದ್ದೂ ಕೆಲವೊಮ್ಮೆ ಮನುಷ್ಯನಲ್ಲಿ ನಿಲ್ಲುವುದಿಲ್ಲ. 1931ರಲ್ಲಿ ವಾನ್ ಆಯ್ಲರ್ ಮತ್ತು ಗ್ಯಾಡಂ ಕಂಡುಹಿಡಿದ ಸಬ್‌ಸ್ಟೆನ್ಸ್ ಪಿ ನೋವಿನ ಪೆಪ್ಟೈಡ್ ಎಂದೇ ಪ್ರಸಿದ್ಧವಾಗಿತ್ತು. ಅದರ ಗ್ರಾಹಕವನ್ನು ಮುಚ್ಚುವ ಔಷಧಗಳು ಪ್ರಾಣಿಗಳಲ್ಲಿ ನೋವು ಕಡಿಮೆ ಮಾಡಿದವು. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಸೋತವು. ಕಂಪನಿಗಳು ಸುರಿದ ಹಣ ನೀರಿನಲ್ಲಿ ಹೋಮವಾಯಿತು ಅನ್ನುವಷ್ಟರಲ್ಲಿ, ಅದೇ ಗ್ರಾಹಕ ಮಿದುಳಿನ ವಾಂತಿಯ ಕೇಂದ್ರದಲ್ಲೂ ಇದೆ ಎಂಬುದು ಕೈಹಿಡಿಯಿತು. ಹಾಗೆ ಬಂದ ಅಪ್ರೆಪಿಟಂಟ್ ಮಾತ್ರೆ 2003ರಿಂದ ಕ್ಯಾನ್ಸರ್ ಚಿಕಿತ್ಸೆ ಪಡೆಯುವವರ ವಾಕರಿಕೆಯನ್ನು ತಡೆಯುತ್ತಿದೆ. ಈ ಸೋಲನ್ನು ನನ್ನ ವಾದಕ್ಕೆ ವಿರುದ್ಧ ಸಾಕ್ಷಿಯೆಂದು ಹಿಡಿಯುವವರಿದ್ದಾರೆ: ಗ್ರಾಹಕವನ್ನು ನಂಬಿ ಹೊರಟವರು ತಾನೇ ಸೋತದ್ದು ಎಂದು. ನನಗೆ ಹಾಗನ್ನಿಸುವುದಿಲ್ಲ. ಅವರು ನಂಬಿದ್ದು ಪೆಪ್ಟೈಡಿಗೆ ಅಂಟಿದ್ದ ನೋವಿನ ಹಣೆಪಟ್ಟಿಯನ್ನು. ಗ್ರಾಹಕ ದೇಹದ ಯಾವ ಮೂಲೆಯಲ್ಲಿದೆ, ಅಲ್ಲಿ ಅದರ ನುಡಿಗೆ ಎಷ್ಟು ತೂಕವಿದೆ ಎಂದು ಕೇಳಿದವರಿಗೆ ಔಷಧ ಸಿಕ್ಕಿತು.

ಕೊನೆಗೆ ಅತ್ಯಂತ ಪ್ರಾಯೋಗಿಕವಾದ ಆಕ್ಷೇಪ. ದ್ವಿತಳಿಯ ಮಲಗುವ ಮೊಟ್ಟೆಯನ್ನು ಎಬ್ಬಿಸಲು ಬಿತ್ತನೆ ಕೋಠಿಗಳಲ್ಲಿ ಆಗಲೇ ದಾರಿಯಿದೆ. ಇಟ್ಟು ಸುಮಾರು 20 ಗಂಟೆಯಾದ ಮೊಟ್ಟೆಗಳನ್ನು 46 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದು ನಿಮಿಷ ಅದ್ದಿ ತೊಳೆದರೆ ಅವು ಮಲಗುವುದಿಲ್ಲ. ಈ ಗ್ರಾಹಕದ ಸುಳಿವೇ ಇರದಿದ್ದ ಕಾಲದಲ್ಲಿ ಕಂಡುಕೊಂಡ ಉಪಾಯ ಇದು, ಅಗ್ಗದ್ದು, ಇಂದಿಗೂ ನಡೆಯುತ್ತಿದೆ. ಹೀಗಿರುವಾಗ ಇಷ್ಟೆಲ್ಲ ರಸಾಯನಶಾಸ್ತ್ರ ಯಾಕೆ? ಮೊಟ್ಟೆ ಎಬ್ಬಿಸುವುದಷ್ಟೇ ಗುರಿಯಾದರೆ ಬೇಕಿಲ್ಲ. ಆಮ್ಲದ ತೊಟ್ಟಿಯ ಬದಲಿಗೆ ದುಬಾರಿ ಪೆಪ್ಟೈಡನ್ನು ಮಾರಲು ಬರುವವರನ್ನು ರೈತರೂ ಇಲಾಖೆಯೂ ಹಿಂದಕ್ಕೆ ಕಳಿಸುವುದೇ ಸರಿ. ಆದರೆ ಆಮ್ಲ ಕೆಲಸ ಮಾಡುವುದು ಮೊಟ್ಟೆ ಹೊರಬಂದ ಮೇಲೆ, ತಾಯಿಯ ನಿರ್ಣಯ ಆಗಿಹೋದ ಮೇಲೆ. ಆ ನಿರ್ಣಯ ಹೇಗಾಗುತ್ತದೆಂಬ ಪ್ರಶ್ನೆಯನ್ನು ಅದು ಮುಟ್ಟುವುದೂ ಇಲ್ಲ. ಬೇಸಿಗೆ ಹೆಚ್ಚುತ್ತಿರುವಾಗ, ಸರ್ಕಾರ ಬಿಳಿಗೂಡಿಗೆ ಉತ್ತೇಜನ ಕೊಡುತ್ತಿರುವಾಗ, ಕಾವಿನ ಶಾಖಕ್ಕೂ ಮುಂದಿನ ತಲೆಮಾರಿನ ಮೊಟ್ಟೆಗೂ ಇರುವ ಸಂಬಂಧ ಬರೀ ಪುಸ್ತಕದ ಕುತೂಹಲವಲ್ಲ. ಈ ಜ್ಞಾನದ ಬಹುಪಾಲು ಜಪಾನಿನ ತಳಿಗಳ ಮೇಲೆ ಜಪಾನಿನ ಪ್ರಯೋಗಾಲಯಗಳಲ್ಲಿ ಹುಟ್ಟಿದ್ದು. ಬೊಂಬಿಕ್ಸಿನ್ನಿನ ಪ್ರಸಂಗ ಹೇಳಿದ ಹಾಗೆ, ಒಂದು ಹುಳುವಿನ ಗ್ರಾಹಕ ಕೊಟ್ಟ ಉತ್ತರವನ್ನು ಇನ್ನೊಂದಕ್ಕೆ ಹಚ್ಚಿದರೆ ಎಡವುವುದು ಸುಲಭ. ಮಲಗದ ಮೊಟ್ಟೆಯ ಮೈಸೂರು ತಳಿ ಇರುವುದು ನಮ್ಮಲ್ಲಿ. ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಯ ಕಾಲೇಜಿದೆ, ಮೈಸೂರಿನಲ್ಲಿ ಸಂಶೋಧನಾ ಸಂಸ್ಥೆಯಿದೆ, ಪೆಪ್ಟೈಡನ್ನೂ ಗ್ರಾಹಕವನ್ನೂ ಬಲ್ಲವರು ಬೆಂಗಳೂರಿನಲ್ಲಿದ್ದಾರೆ. ಪತಂಗಗಳ ಗ್ರಾಹಕವನ್ನು ಗುರಿಯಾಗಿಸಿದ ಯಾವುದೇ ಹೊಸ ಸಿಂಪಡಣೆ ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಸಿಬಿ ಹುಳು ಮತ್ತು ದ್ವಿತಳಿ ಹುಳು ಎರಡರ ಮೇಲೂ, ಚಾಕಿಯಿಂದ ಗೂಡಿನವರೆಗೆ, ಅಲ್ಲಿಂದ ಮುಂದಿನ ಮೊಟ್ಟೆಯವರೆಗೆ ಪರೀಕ್ಷಿಸಬೇಕೆಂಬ ನಿಯಮದಿಂದಲೇ ಈ ಮೂವರು ಒಟ್ಟಾಗಿ ಕೆಲಸ ಶುರು ಮಾಡಬಹುದು.